ದೊಡ್ಡ ದಾನಕ್ಕಿಂತ ನಿಲ್ಲದ ವಂತಿಗೆ

ಸರ್ಕಾರಿ ಬಾಲಕಿಯರ ಪ್ರೌಢಶಾಲೆಗಳಿಗೆ ದಾನಿಗಳೇ ಸಿಗುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಕೊಠಡಿ ಕಟ್ಟಿಸಿಕೊಡುವವರು, ರಂಗಮಂದಿರಕ್ಕೆ ಚಾವಣಿ ಹಾಕಿಸುವವರು, ಗೇಟಿಗೆ ಕಮಾನು ಮಾಡಿಸುವವರು ಒಂದಲ್ಲ ಒಂದು ಕಾಲಕ್ಕೆ ಸಿಕ್ಕೇ ಸಿಗುತ್ತಾರೆ. ಗೋಡೆಗಳ ಮೇಲಿರುವ ಶಿಲಾಫಲಕಗಳೇ ಅದಕ್ಕೆ ಸಾಕ್ಷಿ. ಸಿಗದಿರುವುದು ಬೇರೆಯದೇ. ಶೌಚಾಲಯ ತೊಳೆಯುವವರಿಗೆ ತಿಂಗಳ ಸಂಬಳ, ಕೆಟ್ಟು ಕೂತ ಪಂಪಿನ ರಿಪೇರಿ, ಎಸ್ಸೆಸ್ಸೆಲ್ಸಿ ಹುಡುಗಿಯರ ಸಂಜೆಯ ವಿಶೇಷ ತರಗತಿ ಮುಗಿಯುವ ತನಕ ಜೊತೆಗಿರುವ ಆಯಾಳಿಗೆ ಕೂಲಿ, ಇವಕ್ಕೆ ಯಾರೂ ಮುಂದೆ ಬರುವುದಿಲ್ಲ. ಇವುಗಳ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲ, ಉದ್ಘಾಟನೆಗೆ ಟೇಪು ಕತ್ತರಿಸುವ ಅವಕಾಶವೂ ಇಲ್ಲ. ಆದರೆ ಹುಡುಗಿಯೊಬ್ಬಳು ಶಾಲೆಯಲ್ಲಿ ಉಳಿಯುತ್ತಾಳೋ ಬಿಡುತ್ತಾಳೋ ಎಂಬುದು ತೀರ್ಮಾನವಾಗುವುದು ಬಹುಮಟ್ಟಿಗೆ ಇಂಥ ಸಣ್ಣ, ಮತ್ತೆ ಮತ್ತೆ ಬರುವ ಖರ್ಚುಗಳಲ್ಲೇ. ಆದ್ದರಿಂದ ಹೆಣ್ಣುಮಕ್ಕಳ ಶಾಲೆಗೆ ಹಣ ಕೂಡಿಸುವವರು ಒಬ್ಬ ದೊಡ್ಡ ದಾನಿಯ ಹಿಂದೆ ಅಲೆಯುವ ಬದಲು, ಊರಿನ ನೂರು ಜನರಿಂದ ನಿಲ್ಲದೆ ಬರುವ ಸಣ್ಣ ವಂತಿಗೆಯನ್ನು ಕಟ್ಟಿಕೊಳ್ಳಬೇಕು ಎಂಬುದು ಈ ಬರಹದ ವಾದ. ಹಾಗೆ ಕೊಡುವವರಿಗೆ ಲೆಕ್ಕ ಕೇಳುವ ಹಕ್ಕೂ ಇರಬೇಕು ಎಂಬುದು ಅದೇ ವಾದದ ಇನ್ನೊಂದು ಅರ್ಧ.

ಹುಡುಗಿಯರು ಶಾಲೆ ಬಿಡುವುದಕ್ಕೆ ಬಡತನ, ಬೇಗ ಆಗುವ ಮದುವೆ, ಮನೆಗೆಲಸ ಎಂದು ಸಾಮಾನ್ಯವಾಗಿ ಪಟ್ಟಿ ಮಾಡುತ್ತೇವೆ. ಇವೆಲ್ಲ ಇವೆ. ಆದರೆ ಶಾಲೆಯ ಹತೋಟಿಯಲ್ಲಿರುವ ಕಾರಣಗಳೂ ಇವೆ, ಅವು ತೀರಾ ಲೌಕಿಕವಾದವು. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದರ ಪರಿಣಾಮವನ್ನು ಅಳೆದಾಗ, ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಲಾಭ ಹೆಚ್ಚಾಗಿ ಕಂಡದ್ದು ಪ್ರೌಢಶಾಲೆ ದೂರವಿದ್ದ ಹಳ್ಳಿಗಳಲ್ಲಿ. ಪಾಠ ಬದಲಾಗಲಿಲ್ಲ, ಮೇಷ್ಟ್ರು ಬದಲಾಗಲಿಲ್ಲ, ಅಪ್ಪ ಅಮ್ಮನ ಆದಾಯವೂ ಬದಲಾಗಲಿಲ್ಲ. ದಾರಿಯ ಕಷ್ಟವೊಂದು ಕಡಿಮೆಯಾಯಿತು. ಶಾಲಾ ಶೌಚಾಲಯಗಳ ಬಗ್ಗೆ ಅಂಜಲಿ ಅಡುಕಿಯಾ ಮಾಡಿದ ಅಧ್ಯಯನವೂ ಇದೇ ದಿಕ್ಕಿನದು. ಚಿಕ್ಕ ಮಕ್ಕಳಿಗೆ ಯಾವುದೋ ಒಂದು ಶೌಚಾಲಯವಿದ್ದರೂ ಸಾಕಾಗುತ್ತದೆ. ಮೈನೆರೆಯುವ ವಯಸ್ಸಿನ ಹುಡುಗಿಯರ ದಾಖಲಾತಿ ಏರಬೇಕಾದರೆ ಅವರಿಗೇ ಪ್ರತ್ಯೇಕವಾದದ್ದು ಬೇಕು ಎಂದು ಅದು ತೋರಿಸಿತು. ತಾಯಿಗೆ ಧೈರ್ಯ ಬರುವುದು ದಾರಿ, ನೀರು, ಬಾಗಿಲಿನ ಚಿಲಕ ಇಂಥವು ಸರಿಯಿದ್ದಾಗ. ಕಟ್ಟಡ ಎಷ್ಟು ಚೆಂದವಿದೆ ಎಂಬುದನ್ನು ಆಕೆ ಕೇಳುವುದು ಆಮೇಲೆ.

ಹಾಗಾದರೆ ದೊಡ್ಡ ಮೊತ್ತ ತಂದು ಶೌಚಾಲಯ ಕಟ್ಟಿಸಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ದೇಶ ಈ ಪ್ರಯೋಗವನ್ನು ಆಗಲೇ ಮಾಡಿ ನೋಡಿದೆ. 2014ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ, ಒಂದು ವರ್ಷದೊಳಗೆ ಎಲ್ಲ ಶಾಲೆಗಳಲ್ಲೂ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದರು. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣದಿಂದ ಲಕ್ಷಕ್ಕೂ ಮಿಕ್ಕಿ ಶೌಚಾಲಯ ಕಟ್ಟಿಸಿದವು. ಮಹಾಲೇಖಪಾಲರ ತಂಡ ಅವುಗಳಲ್ಲಿ ಕೆಲವನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತು. 2020ರಲ್ಲಿ ಸಂಸತ್ತಿನ ಮುಂದೆ ಬಂದ ವರದಿಯ ಪ್ರಕಾರ, ನೋಡಿದವುಗಳ ಪೈಕಿ ಶೇ 72ರಲ್ಲಿ ಒಳಗೆ ನಲ್ಲಿಯ ನೀರೇ ಇರಲಿಲ್ಲ. ಶೇ 75ರಲ್ಲಿ ದಿನಕ್ಕೊಮ್ಮೆ ತೊಳೆಯಬೇಕೆಂಬ ನಿಯಮ ಪಾಲನೆಯಾಗಿರಲಿಲ್ಲ. ಹಣದ ಕೊರತೆಯಿಂದ ಆದದ್ದಲ್ಲ ಇದು. ಒಮ್ಮೆಗೇ ಸುರಿದ ಹಣದ ಸ್ವಭಾವದಿಂದಲೇ ಆದದ್ದು. ದೂರದ ದಾನಿ ಇಟ್ಟಿಗೆಗೆ ಹಣ ಕೊಡುತ್ತಾನೆ, ಫೋಟೋ ಪಡೆಯುತ್ತಾನೆ, ಮುಂದಿನ ಯೋಜನೆಗೆ ಹೋಗುತ್ತಾನೆ. ಮಾರನೆಯ ದಿನ ಬಕೆಟ್ಟು ಪೊರಕೆ ಹಿಡಿಯುವವರು ಯಾರು ಎಂಬುದು ಅವನ ಕಡತದಲ್ಲಿ ಇರುವುದಿಲ್ಲ. ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. ಜೊತೆಗೆ, ಕಂಪನಿ ಇರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಹೇಳುತ್ತದೆ. ಕಾರ್ಖಾನೆಯೇ ಇಲ್ಲದ ತಾಲ್ಲೂಕಿನ ಶಾಲೆಗೆ ಆ ಹಣ ತಲುಪುವ ಸಂಭವ ಅಷ್ಟರಮಟ್ಟಿಗೆ ಕಡಿಮೆ.

ಹೆಣ್ಣುಮಕ್ಕಳ ಶಾಲೆಗಳ ಇತಿಹಾಸ ನೋಡಿದರೆ, ಗಟ್ಟಿಯಾಗಿ ನಿಂತವುಗಳಲ್ಲಿ ಹಲವು ಈ ಸತ್ಯವನ್ನು ಬೇಗನೆ ಕಂಡುಕೊಂಡಿದ್ದವು. ಪಂಜಾಬಿನ ಜಲಂಧರದಲ್ಲಿ ಲಾಲಾ ದೇವರಾಜ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿದ ಕನ್ಯಾ ಮಹಾವಿದ್ಯಾಲಯಕ್ಕೆ ಮೊದಲ ಪ್ರಯತ್ನಗಳಲ್ಲಿ ಸೋಲೇ ಆಯಿತು. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಯಾಕೆ ಎಂಬ ವಿರೋಧ ಅವರದೇ ಆರ್ಯ ಸಮಾಜದ ಒಳಗಿತ್ತು. ಅವರು ಮನೆಯ ಅಡುಗೆಮನೆಗೇ ಹೋದರು. ಗೃಹಿಣಿಯರು ದಿನಾ ರೊಟ್ಟಿ ಹಿಟ್ಟಿನಲ್ಲಿ ಒಂದು ಹಿಡಿ ಎತ್ತಿಡುವ ‘ಆಟಾ ಫಂಡ್’, ಮನೆಯ ಹಳೆಯ ಕಾಗದ ಕೂಡಿಸಿ ಮಾರುವ ‘ರದ್ದಿ ಫಂಡ್’ ಹುಟ್ಟಿದವು. ಹಿಡಿ ಹಿಟ್ಟಿಗೆ ಬೆಲೆ ಏನು ಬಂದೀತು ಎಂದು ನಗಬಹುದು. ಆದರೆ ತನ್ನ ಕೈಯಲ್ಲಿ ಬಿಡಿಗಾಸು ಇಲ್ಲದ ಹೆಂಗಸು ಗಂಡನನ್ನು ಕೇಳದೆ ಕೊಡಬಹುದಾದದ್ದು ಅದೊಂದೇ. ದಿನಾ ಹಿಟ್ಟು ಎತ್ತಿಟ್ಟವಳಿಗೆ ಆ ಶಾಲೆ ಪರರದ್ದಾಗಿ ಉಳಿಯುವುದಿಲ್ಲ. ಮಗಳನ್ನು ಅಲ್ಲಿಗೆ ಕಳಿಸುವ ಮಾತು ಬಂದಾಗ ಅವಳು ಶಾಲೆಯ ಪರವಾಗಿ ಮಾತಾಡುತ್ತಾಳೆ. ಪುಣೆಯ ಧೋಂಡೋ ಕೇಶವ ಕರ್ವೆಯವರದೂ ಇಂಥದೇ ದಾರಿ. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದ ಅವರು ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಪಾಠ ಮುಗಿಸಿ ಆಶ್ರಮವಿದ್ದ ಹಿಂಗಣೆಯವರೆಗೆ ನಡೆದು ಹೋಗಿ ಕಲಿಸುತ್ತಿದ್ದರು, ರಜೆ ಸಿಕ್ಕರೆ ಊರೂರು ತಿರುಗಿ ವಂತಿಗೆ ಎತ್ತುತ್ತಿದ್ದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾದಾಗ, ವರ್ಷಕ್ಕೆ ಸಣ್ಣ ವಂತಿಗೆ ಕೊಡುವವರನ್ನೇ ಅದರ ಮತದಾರರನ್ನಾಗಿ ಮಾಡಿಕೊಂಡರು. ಕೊಟ್ಟವರಿಗೆ ಆಡಳಿತದಲ್ಲಿ ಮಾತು ಸಿಕ್ಕಿತು. 1920ರಲ್ಲಿ ಸರ್ ವಿಠಲದಾಸ್ ಠಾಕರ್ಸಿ 15 ಲಕ್ಷ ರೂಪಾಯಿ ಘೋಷಿಸಿದ ಮೇಲೆ ವಿಶ್ವವಿದ್ಯಾಲಯಕ್ಕೆ ಅವರ ತಾಯಿಯ ಹೆಸರು ಬಂತು, 1936ರಲ್ಲಿ ಕೇಂದ್ರ ಕಚೇರಿ ಮುಂಬೈಗೆ ಹೋಯಿತು. ದೊಡ್ಡ ದಾನ ಬಂದದ್ದು ಒಳ್ಳೆಯದೇ. ಆದರೆ ಅದು ಬರುವ ಹೊತ್ತಿಗೆ ಸಂಸ್ಥೆ ಸಣ್ಣ ಕೈಗಳ ಮೇಲೆ ಕಾಲು ಶತಮಾನ ನಡೆದು ತೋರಿಸಿತ್ತು.

ಇದಕ್ಕೆ ಎದುರಾದ ಉದಾಹರಣೆ ಕಲ್ಕತ್ತದ್ದು. 1849ರಲ್ಲಿ ಡ್ರಿಂಕ್‌ವಾಟರ್ ಬೆಥೂನ್ ತೆರೆದ ಬಾಲಿಕಾ ಶಾಲೆ ಹೆಚ್ಚುಕಡಿಮೆ ಅವರ ಜೇಬಿನ ಮೇಲೆಯೇ ನಿಂತಿತ್ತು. 1851ರಲ್ಲಿ ಅವರು ತೀರಿಕೊಂಡಾಗ ಶಾಲೆಯ ಖರ್ಚು ಗವರ್ನರ್ ಜನರಲ್ ಡಾಲ್‌ಹೌಸಿಯ ಸ್ವಂತ ಹಣದ ಮೇಲೆ ಬಿತ್ತು, ಅವರು ದೇಶ ಬಿಟ್ಟ ಮೇಲೆ ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ನಮ್ಮ ಹಳೇ ಮೈಸೂರಿನಲ್ಲೂ ಹೆಣ್ಣುಮಕ್ಕಳ ಶಿಕ್ಷಣ ಇಂಥ ನೆರಳಿನಲ್ಲೇ ಬೆಳೆಯಿತು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರ ಮುತುವರ್ಜಿಯಿಂದ ಹುಟ್ಟಿದ ಮಹಾರಾಣಿ ಶಾಲೆಗೆ ಅರಮನೆಯ ಆಸರೆ ಇತ್ತು, ಆಮೇಲೆ ಸರ್ಕಾರದ ಆಸರೆ ಬಂತು; ಅದರಿಂದ ನಾಡಿಗೆ ಆದ ಉಪಕಾರ ದೊಡ್ಡದು. ಆದರೆ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಠಗಳೂ ಸಮುದಾಯಗಳ ಸಂಘಗಳೂ ಹಳ್ಳಿ ಹಳ್ಳಿಗಳಿಂದ ಧಾನ್ಯ, ಹಣ ಕೂಡಿಸಿ ಕಟ್ಟಿದ ಉಚಿತ ಪ್ರಸಾದ ನಿಲಯಗಳೂ ಹಾಸ್ಟೆಲುಗಳೂ ಬಹುಪಾಲು ಹುಡುಗರಿಗಾಗಿಯೇ ಇದ್ದವು. ಓದುವ ಹುಡುಗನಿಗೆ ಊರು ಅನ್ನ ಹಾಕಬೇಕು ಎಂಬ ರೂಢಿ ಬೆಳೆಯಿತು. ಓದುವ ಹುಡುಗಿಯನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂಬ ರೂಢಿ ಉಳಿಯಿತು. ಬಾಲಕಿಯರ ಶಾಲೆಯ ವಿಷಯದಲ್ಲಿ ಊರಿನ ಉದಾಸೀನಕ್ಕೆ ಜಿಪುಣತನ ಕಾರಣವಲ್ಲ, ನೂರು ವರ್ಷದ ಈ ಅಭ್ಯಾಸ ಕಾರಣ. ಅಭ್ಯಾಸವನ್ನು ಬದಲಿಸಬಹುದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಸಣ್ಣದೇನಲ್ಲ. ಸರ್ಕಾರಿ ಶಾಲೆ ನಡೆಸುವುದು ಸರ್ಕಾರದ ಕರ್ತವ್ಯ; ವಂತಿಗೆ ಎತ್ತತೊಡಗಿದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ, ಬಡ ಪೋಷಕರ ಮೇಲೆ ಹೊರೆ ಬೀಳುತ್ತದೆ. ಈ ಆತಂಕಕ್ಕೆ ಆಧಾರವಿದೆ. 2022ರ ಅಕ್ಟೋಬರಿನಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಸ್ವಇಚ್ಛೆಯ ದೇಣಿಗೆ ಎಂದೇ ಅದು ಹೇಳಿತ್ತು. ನಾಡೆಲ್ಲ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಬೇಕಾಯಿತು. ವಿರೋಧ ಸರಿಯಾಗಿಯೇ ಇತ್ತು. ತರಗತಿಯಲ್ಲಿ ಕೂತಿರುವ ಮಗುವಿನ ತಂದೆತಾಯಿಯಿಂದ ಕೇಳುವ ದೇಣಿಗೆಗೆ ಸ್ವಇಚ್ಛೆ ಎಂಬ ಹೆಸರಿದ್ದರೂ ಅದು ಶುಲ್ಕವೇ ಆಗುತ್ತದೆ. ಕೊಡಲಾಗದವರು ಮೊದಲು ಬಿಡಿಸುವುದು ಮಗಳನ್ನು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಪ್ರವೇಶದ ವೇಳೆ ವಂತಿಗೆ ವಸೂಲಿಯನ್ನು ನಿಷೇಧಿಸಿರುವುದೂ ಇದೇ ಭಯಕ್ಕೆ. ಆದ್ದರಿಂದ ನಿಯಮ ಖಚಿತವಾಗಿರಬೇಕು: ಈಗ ಓದುತ್ತಿರುವ ಮಕ್ಕಳ ಮನೆಯಿಂದ ಹಣ ಕೇಳಕೂಡದು, ಶಿಕ್ಷಕರ ಸಂಬಳ, ಕೊಠಡಿ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಇವಕ್ಕೆ ವಂತಿಗೆ ಬಳಸಕೂಡದು. ಅವು ಸರ್ಕಾರದ ಬಾಕಿ, ಅವನ್ನು ಹೋರಾಡಿಯೇ ಪಡೆಯಬೇಕು. ಆ ಕಾಯ್ದೆಯ ರಕ್ಷಣೆ ಇರುವುದು 14 ವರ್ಷದವರೆಗೆ ಮಾತ್ರ ಎಂಬುದನ್ನೂ ನೆನಪಿಡಬೇಕು. ಹುಡುಗಿಯರು ಶಾಲೆ ಬಿಡುವ ಅಪಾಯ ಹೆಚ್ಚುವುದು ಸರಿಯಾಗಿ ಅಲ್ಲಿಂದಾಚೆಗೆ, ಒಂಬತ್ತು ಹತ್ತನೇ ತರಗತಿಯಲ್ಲಿ. ಕಾಯ್ದೆ ಕೈಬಿಡುವ ಕಡೆ ಊರು ಕೈಹಿಡಿಯದಿದ್ದರೆ, ಕರ್ತವ್ಯ ಯಾರದೆಂಬ ವಾದ ಮುಗಿಯುವುದರೊಳಗೆ ಒಂದು ತಂಡದ ಹುಡುಗಿಯರ ಓದು ಮುಗಿದಿರುತ್ತದೆ.

ಎರಡನೆಯ ಆಕ್ಷೇಪ ಅನುಭವಸ್ಥರದು. ಊರಿನ ಸಹಭಾಗಿತ್ವ ಎಂದರೆ ಇನ್ನೊಂದು ಸಮಿತಿ, ಹಾಜರಿ ಪುಸ್ತಕಕ್ಕೆ ಸಹಿ, ಚಹಾ ಬಿಸ್ಕತ್ತು, ಅಷ್ಟೇ ಎನ್ನುತ್ತಾರೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತವರ ಸಂಗಡಿಗರು ಮಾಡಿದ ಪ್ರಯೋಗ ಇವರ ಮಾತಿಗೆ ಪುಷ್ಟಿ ಕೊಡುತ್ತದೆ. ಗ್ರಾಮ ಶಿಕ್ಷಣ ಸಮಿತಿಯ ಅಧಿಕಾರಗಳೇನು, ಮಕ್ಕಳ ಕಲಿಕೆ ಹೇಗಿದೆ ಎಂದು ಊರಿಗೆ ತಿಳಿಸಿದ್ದಷ್ಟರಿಂದ ಸಮಿತಿಯೂ ಚುರುಕಾಗಲಿಲ್ಲ, ಶಾಲೆಯೂ ಸುಧಾರಿಸಲಿಲ್ಲ. ಆದರೆ ಅದೇ ಪ್ರಯೋಗದ ಇನ್ನೊಂದು ಭಾಗವನ್ನು ಇವರು ಮರೆಯುತ್ತಾರೆ. ಊರಿನ ಯುವಜನರಿಗೆ ತರಬೇತಿ ಕೊಟ್ಟು, ಮಕ್ಕಳಿಗೆ ಓದು ಕಲಿಸುವ ಶಿಬಿರ ನಡೆಸಿ ಎಂದು ನಿರ್ದಿಷ್ಟ ಕೆಲಸ ಒಪ್ಪಿಸಿದಾಗ ಸ್ವಯಂಸೇವಕರು ಬಂದರು, ಶಿಬಿರಕ್ಕೆ ಹೋದ ಮಕ್ಕಳ ಓದು ಸುಧಾರಿಸಿತು. ಜನ ಅಧಿಕಾರದ ಪಟ್ಟಿಗೆ ಓಗೊಡುವುದಿಲ್ಲ, ಕೈಗೆ ಸಿಗುವ ಕೆಲಸಕ್ಕೆ ಓಗೊಡುತ್ತಾರೆ. ಬಾಲಕಿಯರ ಶಾಲೆಯಲ್ಲಿ ಅಂಥ ಕೆಲಸಗಳಿಗೆ ಬರವಿಲ್ಲ, ಕೆಲವಕ್ಕೆ ಹಣವೂ ಬೇಡ. 2023ರ ಜೂನ್‌ನಿಂದ ನಮ್ಮ ರಾಜ್ಯದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ. ಆದರೆ ಸಂಜೆ ವಿಶೇಷ ತರಗತಿ ಬಿಟ್ಟ ಮೇಲೆ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಉಪಯೋಗ? ಡಿಪೋ ವ್ಯವಸ್ಥಾಪಕರ ಬಳಿ ಹೋಗಿ, ಯಾವ ಹಳ್ಳಿಗೆ ಎಷ್ಟು ಹುಡುಗಿಯರು ಎಂಬ ಪಟ್ಟಿ ಕೊಟ್ಟು, ಒಂದು ಬಸ್ಸಿನ ಸಮಯ ಬದಲಿಸುವಂತೆ ಪಟ್ಟು ಹಿಡಿಯುವುದು ಮುಖ್ಯ ಶಿಕ್ಷಕಿಯೊಬ್ಬರಿಂದ ಆಗುವ ಕೆಲಸವಲ್ಲ. ಪಂಚಾಯಿತಿ ಸದಸ್ಯರು, ಅಂಗಡಿಯವರು, ತಾಯಂದಿರು ಕೂಡಿ ಹೋದರೆ ಆಗುತ್ತದೆ. ಈ ಒಂದು ಕೆಲಸ ಮಾಡಿ ತೋರಿಸಿದ ಸಮಿತಿ ಮುಂದೆ ಹಣ ಕೇಳಿದರೆ ಜನ ಕೊಡುತ್ತಾರೆ. ಮೊದಲೇ ರಸೀತಿ ಪುಸ್ತಕ ಹಿಡಿದು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಹುಡುಗಿಯರನ್ನು ಕಟ್ಟಿಹಾಕುವುದೇ ಊರು. ಅದರ ಕೈಗೆ ಶಾಲೆಯನ್ನು ಒಪ್ಪಿಸಿದರೆ ಆಟ ಬೇಡ, ಪ್ರವಾಸ ಬೇಡ, ಇಂಥ ಜಾತಿಯವಳು ಅಡುಗೆ ಮಾಡಬಾರದು ಎಂಬ ಅಪ್ಪಣೆಗಳೂ ಹಣದ ಜೊತೆಗೇ ಬರುತ್ತವೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಕಥೆ ಈ ಆಕ್ಷೇಪಕ್ಕೆ ದೊಡ್ಡ ಬಲ. 1889ರಲ್ಲಿ ಮುಂಬೈಯಲ್ಲಿ ಅವರು ತೆರೆದ ಶಾರದಾ ಸದನ ಎಂಬ ಶಾಲೆಗೆ ಹಣ ಬಂದದ್ದು ಅಮೆರಿಕದಿಂದ; ಅಲ್ಲಿನ ರಮಾಬಾಯಿ ಸಂಘ ಹತ್ತು ವರ್ಷ ನೆರವಿನ ಮಾತು ಕೊಟ್ಟಿತ್ತು. ಸದನ ಪುಣೆಗೆ ಬಂದ ಮೇಲೆ, 1893ರಲ್ಲಿ, ಅಲ್ಲಿ ಮತಾಂತರದ ಪ್ರಭಾವವಿದೆ ಎಂಬ ವಿವಾದ ಎದ್ದಾಗ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೇ ಸಲಹಾ ಮಂಡಳಿ ಬಿಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಊರು ಕೈಬಿಟ್ಟಾಗ ಸದನ ಉಳಿದದ್ದು ದೂರದ ಹಣದಿಂದ, ಇದನ್ನು ಒಪ್ಪಲೇಬೇಕು. ಆದರೆ ದೂರದ ಹಣ ಉಳಿಸಿದ್ದು ಸಂಸ್ಥೆಯನ್ನು. ಮನೆಯವರು ಕರೆದೊಯ್ದ ಹುಡುಗಿಯರನ್ನು ಅದರಿಂದ ತಡೆಯಲಾಗಲಿಲ್ಲ. ಅದೇ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿಯಾದರು, ಹಿಂಗಣೆಯ ಸಂಸ್ಥೆಗಾಗಿ ಮನೆ ಮನೆಗೆ ಹೋಗಿ ವಂತಿಗೆ ಎತ್ತಿದರು. ಎರಡೂ ಬಗೆಯ ಹಣಕ್ಕೂ ಜಾಗವಿದೆ ಎಂಬುದನ್ನು ಈ ಒಂದು ಬದುಕು ಹೇಳುತ್ತದೆ. ಊರನ್ನು ಒಳಗೆ ಕರೆಯುವುದೆಂದರೆ ಎಲ್ಲವನ್ನೂ ಊರಿನ ಮತಕ್ಕೆ ಹಾಕುವುದಲ್ಲ. ಪಠ್ಯ, ಪ್ರವೇಶ, ಜಾತಿಭೇದವಿಲ್ಲದ ಊಟ, ಹುಡುಗಿಯರ ಆಟೋಟ ಇವು ಕಾನೂನು ಮತ್ತು ಇಲಾಖೆಯ ಕೈಯಲ್ಲೇ ಇರಬೇಕು. ಎಸ್‌ಡಿಎಂಸಿಯ ಒಳಗೂ ಹೆಂಗಸರ ಸಂಖ್ಯೆ ಮುಖ್ಯ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಇದಕ್ಕೇ. ಅವರ ಬದಲು ಗಂಡಂದಿರು ಬಂದು ಕೂರುವ ಪದ್ಧತಿಯನ್ನು ಬಾಲಕಿಯರ ಶಾಲೆಯಾದರೂ ಒಪ್ಪಬಾರದು.

ವಂತಿಗೆ ಕೂಡಿಸುವ ಕ್ರಮಕ್ಕೆ ಬಂದರೆ, ಬಾಲಕಿಯರ ಶಾಲೆಗೆ ಒಂದು ವಿಶೇಷ ತೊಡಕಿದೆ. ಹುಡುಗರ ಶಾಲೆಯ ಹಳೆಯ ವಿದ್ಯಾರ್ಥಿಗಳು ಊರಲ್ಲೇ ವ್ಯಾಪಾರ ಮಾಡಿಕೊಂಡೋ ರಾಜಕೀಯದಲ್ಲೋ ಇರುತ್ತಾರೆ, ಅವರನ್ನು ಹುಡುಕುವುದು ಸುಲಭ. ಹಳೆಯ ವಿದ್ಯಾರ್ಥಿನಿಯರು ಮದುವೆಯಾಗಿ ಬೇರೆ ಊರು ಸೇರುತ್ತಾರೆ, ಹಲವರ ಹೆಸರಿನ ಮುಂದಿನ ಅಕ್ಷರವೂ ಬದಲಾಗಿರುತ್ತದೆ. ಹಾಗಾಗಿ ಶಾಲೆ ಬಿಡುವ ದಿನವೇ, ಒಪ್ಪಿಗೆ ಪಡೆದು, ತಾಯಿಯ ಮನೆಯ ವಿಳಾಸ ಮತ್ತು ಫೋನ್ ಸಂಖ್ಯೆ ಬರೆದಿಡುವ ದಾಖಲೆ ಪುಸ್ತಕವೊಂದು ಬೇಕು. ನರ್ಸ್, ಶಿಕ್ಷಕಿ, ಬ್ಯಾಂಕ್ ಉದ್ಯೋಗಿ, ಅಂಗನವಾಡಿ ಕಾರ್ಯಕರ್ತೆ ಆಗಿರುವ ಈ ಹೆಂಗಸರು ತಿಂಗಳಿಗೆ ಕೊಡಬಲ್ಲ ಐವತ್ತು ನೂರು ರೂಪಾಯಿಯೇ ಈ ನಿಧಿಯ ಬೆನ್ನೆಲುಬಾಗಬೇಕು. ಅವರ ಜೊತೆಗೆ ಊರಿನ ಸ್ತ್ರೀಶಕ್ತಿ ಸಂಘಗಳಿವೆ. ಎಲ್ಲರಿಗೂ ಒಂದು ಗರಿಷ್ಠ ಮಿತಿ ಹಾಕುವುದು ಒಳ್ಳೆಯದು. ಒಬ್ಬರೇ ನಿಧಿಯ ಅರ್ಧ ಕೊಟ್ಟರೆ ಸಮಿತಿ ಅವರ ಮನೆಯ ಜಗುಲಿಯಾಗುತ್ತದೆ. ಬಂದ ಹಣ ಬ್ಯಾಂಕ್ ಖಾತೆಯಲ್ಲೇ ಇರಬೇಕು, ಪ್ರತಿಯೊಬ್ಬರಿಗೂ ರಸೀತಿ ಸಿಗಬೇಕು, ಜಮಾ ಖರ್ಚು ತಿಂಗಳಿಗೊಮ್ಮೆ ಶಾಲೆಯ ಬಾಗಿಲಲ್ಲೇ ಸುಣ್ಣದಕಡ್ಡಿಯಲ್ಲಿ ಬರೆದಿರಬೇಕು. ‘ಸಮುದಾಯದತ್ತ ಶಾಲೆ’ ಎಂಬ ಇಲಾಖೆಯ ಕಾರ್ಯಕ್ರಮ ಆಗಲೇ ಇದೆ. ಮಕ್ಕಳ ಅಂಕಪಟ್ಟಿ ತೋರಿಸುವ ಆ ದಿನವೇ ಲೆಕ್ಕಪತ್ರವನ್ನೂ ಓದಿ ಹೇಳಬಹುದು. ಅನುಕೂಲಸ್ಥ ಊರಿನ ಶಾಲೆಗೆ ಹೆಚ್ಚು, ಬಡ ಊರಿನ ಶಾಲೆಗೆ ಕಡಿಮೆ ಬಂದೀತೆಂಬ ಚಿಂತೆಯೂ ನ್ಯಾಯವಾದದ್ದೇ. ನಿಧಿಯ ಒಂದು ಪಾಲು ತಾಲ್ಲೂಕಿನ ಇನ್ನೊಂದು ಬಾಲಕಿಯರ ಶಾಲೆಗೆ ಹೋಗಲೆಂದು ಮೊದಲೇ ಬರೆದುಕೊಂಡರೆ ಆ ಅಂತರ ಸ್ವಲ್ಪ ತಗ್ಗುತ್ತದೆ.

ಇನ್ನೊಂದು ಮಾತು ದಾನಿಗಳಿಗೆ. ವೇದಿಕೆಯ ಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕೈಗೆ ನೋಟ್‌ಬುಕ್ಕೋ ಸ್ಯಾನಿಟರಿ ಪ್ಯಾಡೋ ಕೊಟ್ಟು ಫೋಟೋ ತೆಗೆಸುವುದನ್ನು ನಿಲ್ಲಿಸಬೇಕು. ಹದಿನಾಲ್ಕು ಹದಿನೈದರ ಹುಡುಗಿಗೆ ಆ ಕ್ಷಣದ ಸಂಕೋಚ ಆ ವಸ್ತುವಿನ ಬೆಲೆಗಿಂತ ದೊಡ್ಡದು. ಕೊಡುವುದು ಶಾಲೆಗೆ, ಪಡೆಯುವ ಮಗುವಿಗೆ ಕೊಟ್ಟವರ ಮುಖ ಗೊತ್ತಿರಬೇಕಾಗಿಲ್ಲ. ಸಣ್ಣ ವಂತಿಗೆಯ ನಿಧಿಯಲ್ಲಿ ಈ ಸಮಸ್ಯೆ ತಾನಾಗಿಯೇ ಇಲ್ಲವಾಗುತ್ತದೆ, ನೂರೈವತ್ತು ಜನರ ಜೊತೆ ಯಾರೂ ಫೋಟೋ ಕೇಳುವುದಿಲ್ಲ. ದೊಡ್ಡ ದಾನಿಗಳು ಬೇಡವೆಂದಲ್ಲ. ಅವರು ಕೊಠಡಿ ಕಟ್ಟಿಸಿಕೊಡಲಿ, ಆದರೆ ಅದರ ಜೊತೆಗೆ ಮುಂದಿನ ಹತ್ತು ವರ್ಷದ ನಿರ್ವಹಣೆಗೆ ಬಡ್ಡಿ ಬರುವ ದತ್ತಿಯನ್ನೂ ಇಡಲಿ. ಹಾಗೆ ಇಡಲಾರದಿದ್ದರೆ ಕೊಠಡಿ ಸ್ವಲ್ಪ ಚಿಕ್ಕದಾದರೂ ಅಡ್ಡಿಯಿಲ್ಲ.

ಮುಂದಿನ ಶಾಲಾ ವರ್ಷ ಆರಂಭವಾಗುವ ಮೊದಲು ನಿಮ್ಮೂರಿನ ಬಾಲಕಿಯರ ಶಾಲೆಗೆ ಹೋಗಿ ಮುಖ್ಯ ಶಿಕ್ಷಕಿಯನ್ನು ಕೇಳಿ ನೋಡಿ: ಶೌಚಾಲಯ ದಿನಾ ತೊಳೆಯಲು ತಿಂಗಳಿಗೆ ಎಷ್ಟು ಬೇಕು, ಸಂಜೆ ಬಸ್ಸು ಎಷ್ಟು ಹೊತ್ತಿಗೆ, ಕಳೆದ ವರ್ಷ ಒಂಬತ್ತನೇ ತರಗತಿಯಿಂದ ಎಷ್ಟು ಹುಡುಗಿಯರು ಬಿಟ್ಟುಹೋದರು. ಮೂರಕ್ಕೂ ಉತ್ತರ ಸಿಕ್ಕ ಮೇಲೆ, ನಿಮಗೆ ಭಾರವಾಗದಷ್ಟು ಮೊತ್ತವನ್ನು ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ ಕೊಡತೊಡಗಿ. ವರ್ಷದ ಕೊನೆಗೆ ತಪ್ಪದೆ ಹೋಗಿ ಲೆಕ್ಕ ಕೇಳಿ.